ಹೆಡ್ಜ್ ಆದ ಫಂಡು, ಹೆಡ್ಜ್ ಆಗದ ಫಂಡು: ಫಾರ್ವರ್ಡ್ ಕರಾರಿನ ಲೆಕ್ಕ

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯ ನಿವೃತ್ತ ಗಣಿತದ ಮೇಷ್ಟ್ರು. ಅಮೆರಿಕದ ಷೇರುಗಳಲ್ಲಿ ಹೂಡುವ ಇಲ್ಲಿನ ಒಂದು ಮ್ಯೂಚುವಲ್ ಫಂಡಿನಲ್ಲಿ, ಮಗನ ಮಗಳ ಓದಿಗೆಂದು, ಸ್ವಲ್ಪ ಹಣ ಹಾಕಿದ್ದೇನೆ. ನನ್ನ ಮಗಳು ಮ್ಯೂನಿಕ್‌ನಲ್ಲಿದ್ದಾಳೆ. ಅವಳದೂ ಅಮೆರಿಕದ ಷೇರುಗಳ ಫಂಡೇ, ಆದರೆ ಹೆಸರಿನ ಕೊನೆಗೆ ‘ಯೂರೋ ಹೆಡ್ಜ್ಡ್’ ಅಂತ ಇದೆ. 2025ರ ಮೊದಲ ಆರು ತಿಂಗಳಲ್ಲಿ ಅವಳ ಫಂಡು ಏರಿತು. ಅದೇ ಫಂಡಿನ ಹೆಡ್ಜ್ ಇಲ್ಲದ ವರ್ಗದಲ್ಲಿ ಹಣ ಹಾಕಿದ್ದ ಅವಳ ಸಹೋದ್ಯೋಗಿಗೆ ನಷ್ಟವಾಯಿತಂತೆ. ಷೇರುಗಳು ಅವೇ, ಮ್ಯಾನೇಜರ್ ಅವರೇ. ಕೇಳಿದರೆ ‘ಫಾರ್ವರ್ಡ್ ಕರಾರು ಮಾಡ್ತಾರಪ್ಪ’ ಎಂದಳು. ನಮ್ಮ ಕಡೆ ಬೆಲೆ ಮಾತಾಡಿ ಅಡಿಕೆ ತೋಟ ಚೇಣಿಗೆ ಕೊಡುವ ಹಾಗೆಯೇ ಇದು? ಅಥವಾ ಸಟ್ಟಾ ವ್ಯಾಪಾರವೇ? ಒಳ್ಳೆಯದೇ ಆದರೆ ನನ್ನ ಫಂಡಿನವರು ಯಾಕೆ ಮಾಡುವುದಿಲ್ಲ?

ಉತ್ತರ: ಮೇಷ್ಟ್ರೇ, ಹೆಡ್ಜ್ ಎಂದರೆ ಇಲ್ಲಿ ಕರೆನ್ಸಿಯ ಏರಿಳಿತ ತಟ್ಟದಂತೆ ಮಾಡಿಕೊಳ್ಳುವ ಏರ್ಪಾಡು. ಮೊದಲು ಆ ಆರು ತಿಂಗಳ ಲೆಕ್ಕವನ್ನೇ ಬಿಡಿಸೋಣ. 2025ರ ಜನವರಿಯಿಂದ ಜೂನ್ ಕೊನೆಯವರೆಗೆ, ಅಮೆರಿಕದ ದೊಡ್ಡ ಕಂಪನಿಗಳ ಷೇರುಬೆಲೆ ಅಳೆಯುವ ಎಸ್ ಅಂಡ್ ಪಿ 500 ಸೂಚ್ಯಂಕ ಡಾಲರಿನಲ್ಲಿ ಸುಮಾರು ಶೇ 5.5ರಷ್ಟು ಏರಿತು. ಅದೇ ಅವಧಿಯಲ್ಲಿ ಒಂದು ಯೂರೋಗೆ 1.035 ಡಾಲರ್ ಇದ್ದದ್ದು 1.18ರ ಹತ್ತಿರಕ್ಕೆ ಹೋಯಿತು. ಅಂದರೆ ಯೂರೋ ಶೇ 14ರಷ್ಟು ದುಬಾರಿಯಾಯಿತು. 105.5ನ್ನು 1.14ರಿಂದ ಭಾಗಿಸಿ ನೋಡಿ, 92.5 ಬರುತ್ತದೆ. ಸಹೋದ್ಯೋಗಿಯ ನೂರು ಯೂರೋ ತೊಂಬತ್ತೆರಡೂವರೆ ಆದದ್ದು ಹೀಗೆ. ಅವರು ಕೊಂಡ ಕಂಪನಿಗಳು ಅವರಿಗೆ ನಷ್ಟ ಮಾಡಲಿಲ್ಲ, ಡಾಲರ್ ಮಾಡಿತು. ಪ್ರಮುಖ ಕರೆನ್ಸಿಗಳ ಎದುರು ಡಾಲರನ್ನು ಅಳೆಯುವ ಸೂಚ್ಯಂಕ ಆ ಆರು ತಿಂಗಳಲ್ಲಿ ಶೇ 10ಕ್ಕೂ ಹೆಚ್ಚು ಇಳಿದಿತ್ತು. ವರ್ಷದ ಮೊದಲರ್ಧದಲ್ಲಿ ಅಂಥ ಇಳಿತ 1973ರ ನಂತರ ಕಂಡಿರಲಿಲ್ಲ. ನಿಮ್ಮ ಮಗಳ ಫಂಡು ಡಾಲರನ್ನು ಮೊದಲೇ ಮಾರಿಟ್ಟಿದ್ದರಿಂದ ಷೇರಿನ ಲಾಭದ ಬಹುಪಾಲು ಅವಳ ಕೈಗೆ ಬಂತು.

ಆದರೆ ಇದೊಂದೇ ಲೆಕ್ಕ ನೋಡಿ ಹೆಡ್ಜ್ ಒಳ್ಳೆಯದು ಎಂದು ತೀರ್ಮಾನಿಸಬೇಡಿ. 2022ಕ್ಕೆ ಹಿಂದೆ ಹೋಗಿ. ಆ ವರ್ಷ ಅದೇ ಸೂಚ್ಯಂಕ ಶೇ 19ರಷ್ಟು ಬಿತ್ತು, ಯೂರೋ ಕೂಡ 1.137ರಿಂದ 1.07ಕ್ಕೆ ಇಳಿಯಿತು. ಡಾಲರ್ ಬಲಿತದ್ದರಿಂದ ಹೆಡ್ಜ್ ಇಲ್ಲದವರ ನಷ್ಟ ಶೇ 14ರ ಸುಮಾರಿಗೆ ನಿಂತಿತು. ಹೆಡ್ಜ್ ಮಾಡಿದವರಿಗೆ ಶೇ 20ರ ಆಸುಪಾಸಿನ ಪೂರ್ತಿ ಪೆಟ್ಟು ಬಿತ್ತು. ಆ ವರ್ಷ ನಿಮ್ಮ ಮಗಳೂ ಆ ಸಹೋದ್ಯೋಗಿಯೂ ಪಕ್ಕಪಕ್ಕ ಕೂತು ಲೆಕ್ಕ ಹಾಕಿದ್ದರೆ ಈ ಪ್ರಶ್ನೆ ತಲೆಕೆಳಗಾಗಿ ಬರುತ್ತಿತ್ತು.

ನಾನು ಇಪ್ಪತ್ತು ವರ್ಷಕ್ಕೂ ಮೀರಿ ಈ ಕೆಲಸದಲ್ಲಿದ್ದೇನೆ. ಮೊದಲು ಮುಂಬೈಯಲ್ಲಿ ಒಂದು ಬ್ಯಾಂಕಿನಲ್ಲಿ ಕರೆನ್ಸಿ ಕೊಂಡು ಮಾರುವ ಡೀಲಿಂಗ್ ರೂಮಿನಲ್ಲಿ, ಆಮೇಲೆ ಬೆಂಗಳೂರಿನಲ್ಲಿ, ಲಕ್ಸೆಂಬರ್ಗ್ ಮತ್ತು ಡಬ್ಲಿನ್‌ನಲ್ಲಿ ನೋಂದಣಿಯಾದ ಫಂಡುಗಳ ಲೆಕ್ಕ ನೋಡುವ ಕಚೇರಿಯಲ್ಲಿ. ಯುರೋಪಿನ ಅದೆಷ್ಟೋ ಫಂಡುಗಳ ದಿನದ ಲೆಕ್ಕ ಔಟರ್ ರಿಂಗ್ ರೋಡಿನ ಕಟ್ಟಡಗಳಲ್ಲಿ ಸಿದ್ಧವಾಗುತ್ತದೆ ಎಂಬುದು ಅಲ್ಲಿ ಹಣ ಹಾಕಿದವರಿಗೇ ಗೊತ್ತಿರುವುದಿಲ್ಲ. ಹಾಗಾಗಿ ನಾನು ಕಣ್ಣಾರೆ ಕಂಡ ರೀತಿಯಲ್ಲೇ ಹೇಳುತ್ತೇನೆ.

ನಿಮ್ಮ ಚೇಣಿಯ ಹೋಲಿಕೆ ಅರ್ಧ ದಾರಿಯವರೆಗೆ ಚೆನ್ನಾಗಿ ಬರುತ್ತದೆ. ಬೆಲೆ ಇವತ್ತು ನಿಗದಿ, ಮಾಲು ಮತ್ತು ಹಣ ಮುಂದೊಂದು ದಿನ ಕೈ ಬದಲಿಸುತ್ತವೆ, ನಡುವೆ ಪೇಟೆ ಏರಲಿ ಇಳಿಯಲಿ ಇಬ್ಬರೂ ಮಾತಿಗೆ ಕಟ್ಟುಬಿದ್ದಿರುತ್ತಾರೆ. ಕರೆನ್ಸಿ ಫಾರ್ವರ್ಡ್ ಕೂಡ ಅಷ್ಟೇ: ‘ಇಂಥ ದಿನ ಇಷ್ಟು ಡಾಲರ್ ಕೊಡುತ್ತೇನೆ, ಇಂತಿಷ್ಟು ಯೂರೋ ಕೊಡಬೇಕು’ ಎಂದು ಫಂಡು ಬ್ಯಾಂಕಿನೊಂದಿಗೆ ಮಾಡಿಕೊಳ್ಳುವ ಕರಾರು. ಇವತ್ತು ಅಸಲು ಹಣ ಯಾರೂ ಕೊಡುವುದಿಲ್ಲ. ವ್ಯತ್ಯಾಸ ಇರುವುದು ಬೆಲೆ ಹುಟ್ಟುವ ಕಡೆ. ಚೇಣಿ ಹಿಡಿಯುವವರು ಮರ ನೋಡುತ್ತಾರೆ, ಕೊಳೆ ರೋಗ ಬಂದೀತೇ ಎಂದು ಯೋಚಿಸುತ್ತಾರೆ, ಮುಂದಿನ ಪೇಟೆಯ ಅಂದಾಜು ಹಾಕುತ್ತಾರೆ, ಆಮೇಲೆ ಚೌಕಾಸಿ. ಕರೆನ್ಸಿಯ ಫಾರ್ವರ್ಡ್ ಬೆಲೆಯಲ್ಲಿ ಆ ಅಂದಾಜು ಇಲ್ಲ. ಓದಿಕೊಂಡವರೂ ಇಲ್ಲೇ ಎಡವುತ್ತಾರೆ. ಒಂದು ವರ್ಷದ ಫಾರ್ವರ್ಡ್‌ನಲ್ಲಿ ಡಾಲರಿಗೆ 86.60 ರೂಪಾಯಿ ಕಂಡರೆ ‘ಬರುವ ವರ್ಷ ರೂಪಾಯಿ 86.60ಕ್ಕೆ ಇಳಿಯುತ್ತದೆ ಎಂದು ಬ್ಯಾಂಕಿನವರು ಹೇಳುತ್ತಿದ್ದಾರೆ’ ಎಂದು ಓದಿಕೊಳ್ಳುತ್ತಾರೆ. ಬ್ಯಾಂಕು ಹಾಗೆ ಏನನ್ನೂ ಹೇಳುತ್ತಿಲ್ಲ.

ಬ್ಯಾಂಕು ಏನು ಮಾಡುತ್ತದೆ ನೋಡಿ. ಫಂಡು ತಿಂಗಳ ನಂತರ ಡಾಲರ್ ಕೊಡುತ್ತೇನೆ ಎಂದಿತಲ್ಲ, ಬ್ಯಾಂಕು ಅಷ್ಟು ಡಾಲರನ್ನು ಇವತ್ತೇ ಸಾಲ ತಂದು, ಇವತ್ತಿನ ದರಕ್ಕೆ ಅಂದರೆ ಸ್ಪಾಟ್ ದರಕ್ಕೆ ಮಾರಿ, ಬಂದ ಯೂರೋಗಳನ್ನು ತಿಂಗಳ ಮಟ್ಟಿಗೆ ಬಡ್ಡಿಗೆ ಇಡಬಹುದು. ತಿಂಗಳಾದ ಮೇಲೆ ಫಂಡಿನಿಂದ ಬಂದ ಡಾಲರಿನಿಂದ ಸಾಲ ತೀರಿಸಿ, ಯೂರೋಗಳನ್ನು ಫಂಡಿಗೆ ಕೊಟ್ಟರಾಯಿತು. ಬ್ಯಾಂಕಿಗೆ ಡಾಲರ್ ಎತ್ತ ಹೋದರೂ ಚಿಂತೆಯಿಲ್ಲ. ಅದು ಡಾಲರಿನ ಮೇಲೆ ಬಡ್ಡಿ ಕೊಟ್ಟಿದೆ, ಯೂರೋ ಮೇಲೆ ಬಡ್ಡಿ ಪಡೆದಿದೆ. ಆ ಎರಡು ಬಡ್ಡಿಗಳ ವ್ಯತ್ಯಾಸವೇ ಫಾರ್ವರ್ಡ್ ದರಕ್ಕೂ ಸ್ಪಾಟ್ ದರಕ್ಕೂ ಇರುವ ಅಂತರ. ಅದರ ಮೇಲೆ ಬ್ಯಾಂಕಿನ ಸಣ್ಣ ಲಾಭಾಂಶ. ವರ್ಷದ ಕೊನೆಯ ದಿನಗಳಲ್ಲಿ ಅಥವಾ 2008ರಂಥ ಬಿಕ್ಕಟ್ಟಿನಲ್ಲಿ ಡಾಲರ್ ಸಾಲವೇ ಸಿಗದೆ ಈ ಲೆಕ್ಕ ಅಷ್ಟಿಷ್ಟು ಹೊರಳುತ್ತದೆ. ಉಳಿದಂತೆ ನಿಮ್ಮ ಹತ್ತನೇ ತರಗತಿಯ ಮಕ್ಕಳೂ ಮಾಡುವ ಬಡ್ಡಿ ಲೆಕ್ಕ ಇದು.

ಈಗ ಅಂಕಿ ಹಾಕೋಣ. ನಿಮ್ಮ ಮಗಳ ವರ್ಗದಲ್ಲಿ ಒಟ್ಟು 10 ಕೋಟಿ ಯೂರೋ ಇದೆ ಎನ್ನಿ. ಸ್ಪಾಟ್ ದರ ಯೂರೋಗೆ 1.1000 ಡಾಲರ್. ಅಂದರೆ ಕೈಯಲ್ಲಿರುವ ಷೇರುಗಳ ಬೆಲೆ 11 ಕೋಟಿ ಡಾಲರ್. ಡಾಲರಿನ ಬಡ್ಡಿ ವರ್ಷಕ್ಕೆ ಶೇ 4.5, ಯೂರೋದ್ದು ಶೇ 2.5 ಎಂದಿಟ್ಟುಕೊಳ್ಳಿ. ಇವೆರಡಕ್ಕೂ ಪೇಟೆಯಲ್ಲಿ ವರ್ಷಕ್ಕೆ 360 ದಿನ ಎಂದು ಲೆಕ್ಕ. ರೂಪಾಯಿಗೂ ಬ್ರಿಟನ್ನಿನ ಪೌಂಡಿಗೂ 365. 30 ದಿನದ ಫಾರ್ವರ್ಡ್ ದರ 1.1018 ಬರುತ್ತದೆ. ಫಂಡು 11 ಕೋಟಿ ಡಾಲರನ್ನು ಆ ದರಕ್ಕೆ ಮುಂಗಡವಾಗಿ ಮಾರಿದರೆ ತಿಂಗಳ ಕೊನೆಗೆ ಸಿಗುವುದು 9 ಕೋಟಿ 98 ಲಕ್ಷ 37 ಸಾವಿರ ಯೂರೋ. 10 ಕೋಟಿಗೆ ಸುಮಾರು 1 ಲಕ್ಷ 63 ಸಾವಿರ ಕಡಿಮೆ. ತಿಂಗಳಿಗೆ ಇಷ್ಟು ಎಂದರೆ ವರ್ಷಕ್ಕೆ ಹತ್ತಿರ ಹತ್ತಿರ ಶೇ 2. ಎರಡು ಬಡ್ಡಿಗಳ ನಡುವಿನ ಅಂತರವೂ ಅಷ್ಟೇ. ನಿಮ್ಮ ಮಗಳು ಹೆಡ್ಜ್‌ಗೆ ತೆರುತ್ತಿರುವ ಬೆಲೆ ಇದು. ಫಂಡಿನ ಶುಲ್ಕದ ಪಟ್ಟಿಯಲ್ಲಿ ಹುಡುಕಿದರೆ ಕಾಣುವುದಿಲ್ಲ, ಪ್ರತಿಫಲದೊಳಗೇ ಕರಗಿಹೋಗಿರುತ್ತದೆ. ಹೂಡಿಕೆದಾರರಿಗೆ ಇದನ್ನು ಸ್ಪಷ್ಟವಾಗಿ ಹೇಳುವ ಫಂಡುಗಳು ಕಡಿಮೆ, ಅದು ನನಗೆ ಸರಿ ಕಾಣುವುದಿಲ್ಲ.

ತಿಂಗಳ ಕೊನೆಗೆ ಡಾಲರ್ ಬಿದ್ದು ದರ 1.1500 ಆಯಿತೆನ್ನಿ. ಷೇರಿನ ಬೆಲೆ ಡಾಲರಿನಲ್ಲಿ ಹಾಗೇ ಇದೆ. 11 ಕೋಟಿ ಡಾಲರ್ ಈಗ 9 ಕೋಟಿ 56 ಲಕ್ಷ 52 ಸಾವಿರ ಯೂರೋ ಮಾತ್ರ. ಷೇರಿನ ಕಡೆ 43 ಲಕ್ಷ 48 ಸಾವಿರ ಹೋಯಿತು. ಕರಾರಿನ ಕಡೆ ಅದೇ 11 ಕೋಟಿ ಡಾಲರಿಗೆ ಬ್ಯಾಂಕು 9 ಕೋಟಿ 98 ಲಕ್ಷ 37 ಸಾವಿರ ಕೊಡಲೇಬೇಕು. ಆ ಕಡೆ 41 ಲಕ್ಷ 85 ಸಾವಿರ ಬಂತು. ಕಳೆದರೆ ಉಳಿಯುವುದು ಮೊದಲೇ ಗೊತ್ತಿದ್ದ ಆ 1 ಲಕ್ಷ 63 ಸಾವಿರದ ಖರ್ಚು.

ಇನ್ನು ಡಾಲರ್ ಏರಿ ದರ 1.0500 ಆದರೆ? ಷೇರುಗಳ ಬೆಲೆ ಯೂರೋದಲ್ಲಿ 47 ಲಕ್ಷ 62 ಸಾವಿರ ಹೆಚ್ಚುತ್ತದೆ. ಕರಾರಿನಲ್ಲಿ 49 ಲಕ್ಷ 25 ಸಾವಿರ ನಷ್ಟ. ಕೂಡಿ ಕಳೆದರೆ ಮತ್ತೆ ಅದೇ 1 ಲಕ್ಷ 63 ಸಾವಿರ. ಕಾಗದದ ಮೇಲೆ ಎರಡೂ ಸಂದರ್ಭ ಒಂದೇ. ಕೆಲಸ ಮಾಡುವವರಿಗೆ ಒಂದೇ ಅಲ್ಲ. ಷೇರಿನ ಮೇಲಿನ ಲಾಭ ಕಾಗದದಲ್ಲಿದೆ, ಷೇರು ಮಾರುವವರೆಗೆ ಅದು ಹಣವಲ್ಲ. ಕರಾರಿನ ನಷ್ಟವನ್ನು ಮಾತ್ರ ಗಡುವಿನ ದಿನ ನಗದಾಗಿಯೇ ಬ್ಯಾಂಕಿಗೆ ಕಟ್ಟಬೇಕು. 49 ಲಕ್ಷ ಯೂರೋ ನಗದು ಎಲ್ಲಿಂದ ತರುವುದು? ಒಂದಷ್ಟು ಷೇರು ಮಾರಲೇಬೇಕು. ನನ್ನ ಪ್ರಕಾರ ಈ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ, ಮೇಷ್ಟ್ರೇ. ಫಾರ್ವರ್ಡ್ ಕರಾರು ಫಂಡಿನ ರಿಸ್ಕನ್ನು ಇಲ್ಲವಾಗಿಸುವುದಿಲ್ಲ. ಬೆಲೆಯ ಏರಿಳಿತದ ರಿಸ್ಕನ್ನು ತೆಗೆದುಕೊಂಡು, ಸಮಯಕ್ಕೆ ನಗದು ಹೊಂದಿಸುವ ರಿಸ್ಕನ್ನು ಕೈಗೆ ಕೊಡುತ್ತದೆ.

ಅದು ಎಷ್ಟು ತೂಕದ್ದು ಎಂಬುದನ್ನು ಆಸ್ಟ್ರೇಲಿಯಾದ ನಿವೃತ್ತಿ ನಿಧಿಗಳು 2020ರ ಮಾರ್ಚ್‌ನಲ್ಲಿ ಅನುಭವಿಸಿದವು. ಅಲ್ಲಿ ಉದ್ಯೋಗದಾತರು ಕಡ್ಡಾಯವಾಗಿ ಕಟ್ಟುವ ನಿವೃತ್ತಿ ಹಣ ದೊಡ್ಡ ನಿಧಿಗಳಲ್ಲಿ ಸೇರುತ್ತದೆ. ಆ ನಿಧಿಗಳು ವಿದೇಶಿ ಷೇರು, ಬಾಂಡುಗಳಲ್ಲಿ ಹೂಡಿ, ಅದರ ಒಂದು ಭಾಗವನ್ನು ಫಾರ್ವರ್ಡ್ ಮೂಲಕ ಆಸ್ಟ್ರೇಲಿಯನ್ ಡಾಲರಿಗೆ ಹೆಡ್ಜ್ ಮಾಡುತ್ತವೆ. ವರ್ಷದ ಆರಂಭದಲ್ಲಿ ಆಸ್ಟ್ರೇಲಿಯನ್ ಡಾಲರಿಗೆ 70 ಅಮೆರಿಕನ್ ಸೆಂಟ್ ಇತ್ತು. ಕೋವಿಡ್ ಗಾಬರಿಯಲ್ಲಿ ಎಲ್ಲರೂ ಅಮೆರಿಕನ್ ಡಾಲರಿಗೆ ಮುಗಿಬಿದ್ದಾಗ, ಮಾರ್ಚ್ 19ರ ಹೊತ್ತಿಗೆ ಅದು 55 ಸೆಂಟ್‌ಗಳ ಹತ್ತಿರಕ್ಕೆ ಕುಸಿಯಿತು. ಅಮೆರಿಕನ್ ಡಾಲರನ್ನು ಮುಂಗಡವಾಗಿ ಮಾರಿದ್ದ ನಿಧಿಗಳು ಬ್ಯಾಂಕುಗಳಿಗೆ ನಗದು ಕಟ್ಟಬೇಕಾಯಿತು. ಷೇರುಪೇಟೆ ಬಿದ್ದಿತ್ತು, ಆ ಹೊತ್ತಲ್ಲಿ ಮಾರುವುದೆಂದರೆ ತಳದ ಬೆಲೆಗೆ ಮಾರುವುದು. ಅದೇ ವಾರ ಸರ್ಕಾರ, ಸಂಕಷ್ಟದಲ್ಲಿರುವವರು ತಮ್ಮ ನಿವೃತ್ತಿ ಹಣದಿಂದ 10,000 ಡಾಲರನ್ನು ಜೂನ್ ಕೊನೆಯೊಳಗೆ, ಇನ್ನು 10,000 ಡಾಲರನ್ನು ಜುಲೈಯಿಂದ ಹಿಂತೆಗೆದುಕೊಳ್ಳಬಹುದು ಎಂದು ಘೋಷಿಸಿತು. ಆ ಯೋಜನೆಯಲ್ಲಿ ಕೊನೆಗೆ ಹೊರಗೆ ಹೋದದ್ದು 3,600 ಕೋಟಿ ಆಸ್ಟ್ರೇಲಿಯನ್ ಡಾಲರಿಗೂ ಹೆಚ್ಚು. ಹೆಡ್ಜ್ ತಪ್ಪಾಗಿರಲಿಲ್ಲ, ಕರಾರೂ ಕೆಟ್ಟದ್ದಲ್ಲ. ಎರಡು ಕಡೆಯಿಂದ ಹೆಚ್ಚುಕಡಿಮೆ ಒಟ್ಟಿಗೇ ನಗದು ಕೇಳುವವರು ಬಂದು ನಿಂತರು, ಅಷ್ಟೇ. ತಕ್ಷಣ ಮಾರಲಾಗದ ಕಟ್ಟಡ, ವಿಮಾನ ನಿಲ್ದಾಣದ ಪಾಲುಗಳಲ್ಲಿ ಹಣ ಇಟ್ಟಿದ್ದ ನಿಧಿಗಳಿಗೆ ಆ ದಿನಗಳು ಬಹಳ ಕಠಿಣವಾಗಿದ್ದವು.

ಇಂಥ ಕರಾರನ್ನು ಷೇರು ಇಟ್ಟುಕೊಳ್ಳುವಷ್ಟು ಕಾಲಕ್ಕೆ, ಅಂದರೆ ಹತ್ತು ವರ್ಷಕ್ಕೆ ಒಮ್ಮೆಗೇ ಮಾಡುವುದಿಲ್ಲ. ಸಾಮಾನ್ಯವಾಗಿ ಒಂದು ತಿಂಗಳಿಗೆ, ಕೆಲವರು ಮೂರು ತಿಂಗಳಿಗೆ. ಗಡುವು ಬಂದಾಗ ಹಳೆಯ ಕರಾರಿನ ಡಾಲರನ್ನು ವಾಪಸು ಕೊಂಡು, ಅದೇ ಉಸಿರಿನಲ್ಲಿ ಮುಂದಿನ ತಿಂಗಳಿಗೆ ಮಾರುತ್ತಾರೆ. ನಮ್ಮಲ್ಲಿ ಇದಕ್ಕೆ ‘ರೋಲ್ ಮಾಡುವುದು’ ಎನ್ನುತ್ತೇವೆ. ಈ ಎರಡು ಕಾಲಿನ ವ್ಯವಹಾರವೇ ಎಫ್‌ಎಕ್ಸ್ ಸ್ವಾಪ್. 2022ರ ಏಪ್ರಿಲ್‌ನಲ್ಲಿ ಜಗತ್ತಿನ ಕೇಂದ್ರ ಬ್ಯಾಂಕುಗಳು ಸೇರಿ ನಡೆಸಿದ ಸಮೀಕ್ಷೆಯಲ್ಲಿ ದಿನಕ್ಕೆ 7.5 ಲಕ್ಷ ಕೋಟಿ ಡಾಲರಿನ ಕರೆನ್ಸಿ ವ್ಯವಹಾರ ಕಂಡುಬಂತು, ಅದರಲ್ಲಿ ಅರ್ಧದಷ್ಟು ಈ ಸ್ವಾಪ್‌ಗಳೇ.

ತಿಂಗಳ ಕೊನೆಯ ಸಂಜೆ ನಮ್ಮ ಕಚೇರಿಯಲ್ಲಿ ಯಾರೂ ಬೇಗ ಮನೆಗೆ ಹೋಗುತ್ತಿರಲಿಲ್ಲ. ಬಹಳಷ್ಟು ಫಂಡುಗಳು ಮತ್ತು ಸೂಚ್ಯಂಕಗಳು ಲಂಡನ್ನಿನ ಸಂಜೆ 4 ಗಂಟೆಯ ದರವನ್ನು ಪ್ರಮಾಣವಾಗಿ ಹಿಡಿಯುತ್ತವೆ. ನಮಗದು ಚಳಿಗಾಲದಲ್ಲಿ ರಾತ್ರಿ ಒಂಬತ್ತೂವರೆ, ಬೇಸಿಗೆಯಲ್ಲಿ ಎಂಟೂವರೆ. ಒಂದು ನಿಮಿಷದ ವ್ಯವಹಾರಗಳಿಂದ ತೆಗೆಯುತ್ತಿದ್ದ ಆ ದರವನ್ನು ಕೆಲವು ಬ್ಯಾಂಕುಗಳ ಡೀಲರುಗಳು ಒಳಒಪ್ಪಂದದಿಂದ ಎಳೆದಾಡಿದ್ದು 2013ರಲ್ಲಿ ಬಯಲಾಯಿತು. ಬ್ಯಾಂಕುಗಳಿಗೆ ಭಾರಿ ದಂಡ ಬಿತ್ತು, 2015ರಿಂದ ಐದು ನಿಮಿಷದ ವ್ಯವಹಾರಗಳಿಂದ ದರ ತೆಗೆಯುತ್ತಾರೆ. ಪರದೆಯ ಮೇಲೆ ದರ ಬಂದ ಕೂಡಲೇ ಪ್ರತಿ ವರ್ಗದ ಎನ್‌ಎವಿ, ಅಂದರೆ ಆ ದಿನದ ನಿವ್ವಳ ಆಸ್ತಿ ಮೌಲ್ಯ ನೋಡಿ, ಎಷ್ಟು ಡಾಲರ್ ಮಾರಬೇಕೆಂದು ತೆಗೆದು, ಒಬ್ಬರು ನಮೂದಿಸಿ ಇನ್ನೊಬ್ಬರು ಒಪ್ಪಬೇಕು.

ಒಂದು ಸಲ, ಹೊಸದಾಗಿ ತೆರೆದ ಹೆಡ್ಜ್ಡ್ ವರ್ಗವೊಂದರಲ್ಲಿ ಮಾರಬೇಕಾದ ಡಾಲರನ್ನು ನಾವು ಕೊಂಡುಬಿಟ್ಟಿದ್ದೆವು. ಮೊತ್ತ ಸರಿ, ದಿನಾಂಕ ಸರಿ, ದಿಕ್ಕು ಮಾತ್ರ ಉಲ್ಟಾ. ಒಪ್ಪಿಗೆ ಕೊಟ್ಟವರಲ್ಲಿ ನಾನೂ ಇದ್ದೆ. ಮೊತ್ತ ನೋಡಿದೆ, ದಿಕ್ಕು ನೋಡಲಿಲ್ಲ. ಮರುದಿನ ಬೆಳಿಗ್ಗೆ ಬ್ಯಾಂಕಿನ ದೃಢೀಕರಣ ಪತ್ರಕ್ಕೆ ತಾಳೆ ಹಾಕುವಾಗ ಸಿಕ್ಕಿತು. ಒಂದು ರಾತ್ರಿ ಆ ಹೂಡಿಕೆದಾರರ ಮೇಲೆ ಡಾಲರಿನ ಹೊರೆ ಇಲ್ಲವಾಗುವ ಬದಲು ಎರಡು ಪಟ್ಟಾಗಿತ್ತು. ನಷ್ಟವನ್ನು ಸಂಸ್ಥೆಯೇ ತುಂಬಿಕೊಟ್ಟಿತು, ಹೂಡಿಕೆದಾರರಿಗೆ ಏನೂ ತಟ್ಟಲಿಲ್ಲ. ಅಂದಿನಿಂದ ಇಂದಿನವರೆಗೆ ಯಾವ ಕರಾರು ನೋಡಿದರೂ ನಾನು ಮೊದಲು ಓದುವುದು ‘ಮಾರು’ ಅಥವಾ ‘ಕೊಳ್ಳು’ ಎಂಬ ಒಂದೇ ಪದ.

ಸಟ್ಟಾ ಹೌದೋ ಅಲ್ಲವೋ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಕರಾರಿನ ಕಾಗದ ಎರಡಕ್ಕೂ ಒಂದೇ. ಹಿಂದೆ ಅಷ್ಟೇ ಮೊತ್ತದ ಡಾಲರ್ ಆಸ್ತಿ ಇದ್ದು, ಕರಾರು ಅದಕ್ಕೆ ಎದುರು ದಿಕ್ಕಿನಲ್ಲಿದ್ದರೆ ಹೆಡ್ಜ್. ಆಸ್ತಿಯೇ ಇಲ್ಲದಿದ್ದರೆ, ಇಲ್ಲವೇ ಆಸ್ತಿಗಿಂತ ಹೆಚ್ಚಿಗೆ ಮಾರಿದರೆ ಸಟ್ಟಾ. ಯುರೋಪಿನಲ್ಲಿ ಸಾರ್ವಜನಿಕರಿಗೆ ಮಾರುವ ಫಂಡುಗಳ ಮಟ್ಟಿಗೆ ಇದಕ್ಕೆ ಗೆರೆ ಎಳೆದಿದ್ದಾರೆ: ಹೆಡ್ಜ್ ಆಗಬೇಕಾದ ಮೊತ್ತದ ಶೇ 95ಕ್ಕಿಂತ ಕಡಿಮೆಯಾಗಬಾರದು, ಶೇ 105ನ್ನು ಮೀರಬಾರದು. ನಮ್ಮ ಉದಾಹರಣೆಯಲ್ಲಿ ತಿಂಗಳ ನಡುವೆ ಷೇರುಗಳು ಶೇ 5 ಏರಿ 11.55 ಕೋಟಿ ಡಾಲರ್ ಆದರೆ, ಮಾರಿಟ್ಟ 11 ಕೋಟಿ ಅದರ ಶೇ 95.2 ಆಗುತ್ತದೆ. ಇನ್ನೂ ಗೆರೆಯ ಒಳಗೆ. ಶೇ 6 ಏರಿದರೆ 94.3, ಅಂದೇ ಇನ್ನಷ್ಟು ಮಾರಿ ಸರಿಪಡಿಸಬೇಕು. ಒಂದು ವರ್ಗದ ಹೆಡ್ಜ್‌ನ ಖರ್ಚು, ನಷ್ಟ ಇನ್ನೊಂದು ವರ್ಗದವರ ಮೇಲೆ ಬೀಳದಂತೆ ಲೆಕ್ಕ ಬೇರೆ ಇಡಬೇಕೆಂಬ ನಿಯಮವೂ ಇದೆ. ನಿಮ್ಮ ಮಗಳ ಹೆಡ್ಜ್‌ನ ಖರ್ಚು ಅವಳ ಸಹೋದ್ಯೋಗಿಯ ಜೇಬಿನಿಂದ ಹೋಗದಿರುವುದು ಅದರಿಂದಲೇ.

ಕರಾರು ಮಾಡಿದ ಬ್ಯಾಂಕೇ ಮುಳುಗಿದರೆ ಎಂಬ ಭಯ ಸಹಜ. 1974ರ ಜೂನ್ 26ರಂದು ಜರ್ಮನಿಯ ಕೊಲೋನ್‌ನಲ್ಲಿದ್ದ ಹೆರ್ಷ್ಟಾಟ್ ಬ್ಯಾಂಕನ್ನು ಅಧಿಕಾರಿಗಳು ದಿನದ ವ್ಯವಹಾರ ಮುಗಿದ ಮೇಲೆ ಮುಚ್ಚಿಸಿದರು. ಅದರೊಂದಿಗೆ ವ್ಯವಹರಿಸಿದ್ದವರು ಜರ್ಮನ್ ಮಾರ್ಕ್‌ಗಳನ್ನು ಆಗಲೇ ಕೊಟ್ಟಾಗಿತ್ತು. ನ್ಯೂಯಾರ್ಕ್‌ನಲ್ಲಿ ಇನ್ನೂ ಬೆಳಗು, ಅವರಿಗೆ ಬರಬೇಕಿದ್ದ ಡಾಲರ್ ಬರಲೇ ಇಲ್ಲ. ಆ ಬಗೆಯ ಅಪಾಯಕ್ಕೆ ಇಂದಿಗೂ ಆ ಬ್ಯಾಂಕಿನ ಹೆಸರೇ ಇದೆ. ಎರಡೂ ಕಡೆಯ ಹಣ ಒಟ್ಟಿಗೇ ಕೈ ಬದಲಿಸುವಂತೆ ನೋಡಿಕೊಳ್ಳುವ ಸಿಎಲ್‌ಎಸ್ ವ್ಯವಸ್ಥೆ ಬಂದದ್ದು 2002ರಲ್ಲಿ. ಅದರ 18 ಕರೆನ್ಸಿಗಳಲ್ಲಿ ರೂಪಾಯಿ ಇಲ್ಲ, ನಮ್ಮ ಬ್ಯಾಂಕುಗಳ ನಡುವಿನ ಡಾಲರ್-ರೂಪಾಯಿ ವ್ಯವಹಾರವನ್ನು ಮುಂಬೈಯ ಸಿಸಿಐಎಲ್ (ಕ್ಲಿಯರಿಂಗ್ ಕಾರ್ಪೊರೇಷನ್ ಆಫ್ ಇಂಡಿಯಾ) ಇತ್ಯರ್ಥ ಮಾಡುತ್ತದೆ. ಇದಲ್ಲದೆ ಫಂಡುಗಳು ಒಂದೇ ಬ್ಯಾಂಕನ್ನು ನೆಚ್ಚದೆ ನಾಲ್ಕಾರು ಕಡೆ ಕರಾರು ಹಂಚುತ್ತವೆ. ಕರಾರಿನ ಮೌಲ್ಯ ದಿನವೂ ಅಳೆದು, ನಷ್ಟದಲ್ಲಿರುವವರು ಮಾರ್ಜಿನ್ ಹಣ, ಅಂದರೆ ಭದ್ರತೆಯ ಹಣ ಇಡುವಂತೆ ಮೊದಲೇ ಬರೆಸಿಕೊಳ್ಳುವುದೂ ಉಂಟು.

ಈಗ ನಿಮ್ಮ ಫಂಡಿನ ವಿಷಯ. ಇಲ್ಲಿ ಲೆಕ್ಕ ತಲೆಕೆಳಗಾಗುತ್ತದೆ, ಗಣಿತದವರಾದ ನಿಮಗೆ ಇಷ್ಟವಾಗುವ ಭಾಗ ಇದು. ರೂಪಾಯಿಯ ಬಡ್ಡಿ ಡಾಲರಿನದಕ್ಕಿಂತ ಹೆಚ್ಚು. ಸ್ಪಾಟ್ 85 ರೂಪಾಯಿ, ರೂಪಾಯಿ ಬಡ್ಡಿ ಶೇ 6.5, ಡಾಲರ್ ಬಡ್ಡಿ ಶೇ 4.5 ಎಂದರೆ ಒಂದು ವರ್ಷದ ಫಾರ್ವರ್ಡ್ 86.63 ರೂಪಾಯಿ. ನಿಮ್ಮ ಫಂಡು ಡಾಲರನ್ನು ಮುಂಗಡವಾಗಿ ಮಾರಿದರೆ ಇವತ್ತಿನ ದರಕ್ಕಿಂತ 1 ರೂಪಾಯಿ 63 ಪೈಸೆ ಹೆಚ್ಚಿಗೆ ಸಿಗುತ್ತದೆ. ಮುಂಬೈ ಪೇಟೆಯಲ್ಲಿ ಇದಕ್ಕೆ ಪ್ರೀಮಿಯಂ ಎನ್ನುತ್ತಾರೆ, ಪೈಸೆ ಲೆಕ್ಕದಲ್ಲೇ ಕೂಗುತ್ತಾರೆ. ನಿಮ್ಮ ಮಗಳು ಹೆಡ್ಜ್‌ಗೆ ದುಡ್ಡು ತೆತ್ತಳು, ನಿಮಗೆ ಅದೇ ಹೆಡ್ಜ್‌ಗೆ ದುಡ್ಡು ಬರುತ್ತದೆ! ಜಪಾನಿನ ವಿಮಾ ಕಂಪನಿಗಳದ್ದು ಇನ್ನೊಂದು ತುದಿ. ಅಮೆರಿಕ 2022ರ ಮಾರ್ಚ್‌ನಿಂದ 2023ರ ಜುಲೈಯೊಳಗೆ ಬಡ್ಡಿಯನ್ನು ಸೊನ್ನೆಯ ಹತ್ತಿರದಿಂದ ಶೇ 5.25-5.50ಕ್ಕೆ ಏರಿಸಿತು, ಜಪಾನಿನ ಬಡ್ಡಿ ಸೊನ್ನೆಗಿಂತ ಕೆಳಗೇ ಇತ್ತು. ಹೆಡ್ಜ್‌ನ ಖರ್ಚು ವರ್ಷಕ್ಕೆ ಶೇ 5ರ ಮೇಲೆ ಹೋಗಿ, ಅಮೆರಿಕದ ಬಾಂಡಿನಿಂದ ಬರುವ ಬಡ್ಡಿಯೆಲ್ಲ ಅದಕ್ಕೇ ಸಾಲದಾಯಿತು. ಅವರು ಆ ಬಾಂಡುಗಳನ್ನು ರಾಶಿರಾಶಿಯಾಗಿ ಮಾರಿದರು.

ಹಾಗಾದರೆ ಬರುವ ಪ್ರೀಮಿಯಂ ಅನ್ನು ನಿಮ್ಮ ಫಂಡಿನವರು ಯಾಕೆ ಬಿಡುತ್ತಾರೆ? ಮಾಡಲೇಬಾರದೆಂಬ ನಿಷೇಧವೇನಿಲ್ಲ, ಆದರೆ ವಿದೇಶಿ ಷೇರುಗಳ ನಮ್ಮ ಫಂಡುಗಳಲ್ಲಿ ಹೆಚ್ಚಿನವು ಹೆಡ್ಜ್ ಮಾಡುವುದಿಲ್ಲ. ಕಾರಣ ಎರಡು. 2011ರ ಜುಲೈಯಲ್ಲಿ ಡಾಲರಿಗೆ 45 ರೂಪಾಯಿಯ ಸುಮಾರು ಇತ್ತು, 2025ರ ಮಧ್ಯದಲ್ಲಿ 85 ದಾಟಿತ್ತು. ಈ ಫಂಡುಗಳಿಗೆ ಬರುವವರಲ್ಲಿ ಬಹುಪಾಲು ಜನ ಅಮೆರಿಕದ ಕಂಪನಿಗಳ ಜೊತೆಗೆ ಡಾಲರನ್ನೂ ಬಯಸಿಯೇ ಬರುತ್ತಾರೆ. ಹೆಡ್ಜ್ ಮಾಡಿದರೆ ಪ್ರೀಮಿಯಂ ಬರುತ್ತದೆ, ಡಾಲರ್ ಅದಕ್ಕಿಂತ ಹೆಚ್ಚು ಏರಿದರೆ ಆ ಏರಿಕೆ ಕೈತಪ್ಪುತ್ತದೆ.

ಎರಡನೆಯದೇ ನನ್ನ ಮಟ್ಟಿಗೆ ಹೆಚ್ಚು ಗಟ್ಟಿಯಾದ ಕಾರಣ. ಜಗತ್ತಿನ ಷೇರುಪೇಟೆ ಬೀಳುವಾಗ ರೂಪಾಯಿಯೂ ಬೀಳುವುದು ಹೆಚ್ಚು. 2022ರಲ್ಲಿ ಎಸ್ ಅಂಡ್ ಪಿ 500 ಶೇ 19 ಬಿದ್ದಾಗ ಡಾಲರ್ 74 ಚಿಲ್ಲರೆಯಿಂದ 82 ರೂಪಾಯಿ ದಾಟಿತು. ರೂಪಾಯಿಯಲ್ಲಿ ಲೆಕ್ಕ ಹಾಕಿದವರ ನಷ್ಟ ಶೇ 10ರ ಸುಮಾರಿಗೆ ನಿಂತಿತು. ಡಾಲರ್ ಏರಿದ್ದೇ ಅವರ ಪೆಟ್ಟನ್ನು ಅರ್ಧಕ್ಕೆ ಇಳಿಸಿತು. ಹೀಗೆ ಷೇರಿನ ವಿಷಯದಲ್ಲಿ ಭಾರತೀಯರಿಗೆ ಡಾಲರೇ ಒಂದು ಮಟ್ಟಿಗೆ ಹೆಡ್ಜ್ ಆಗಿ ಕೆಲಸ ಮಾಡುತ್ತದೆ, ಅದನ್ನು ಮಾರಿಬಿಡುವುದು ನನಗೆ ಸರಿ ಕಾಣುವುದಿಲ್ಲ. ಬಾಂಡ್ ಫಂಡಿಗೆ ಬಂದರೆ ನನ್ನ ಅಭಿಪ್ರಾಯ ಬೇರೆ. ಒಳ್ಳೆಯ ಬಾಂಡಿನ ಏರಿಳಿತಕ್ಕಿಂತ ಕರೆನ್ಸಿಯ ಏರಿಳಿತವೇ ದೊಡ್ಡದು. ಹೆಡ್ಜ್ ಮಾಡದಿದ್ದರೆ ಬಾಂಡ್ ಹೆಸರಿನಲ್ಲಿ ಕರೆನ್ಸಿ ಕೊಂಡ ಹಾಗೆ.

ಇದೇ ಲೆಕ್ಕವನ್ನು ಭಾರತಕ್ಕೆ ಬರುವ ವಿದೇಶಿ ಫಂಡಿನ ಕಡೆಯಿಂದಲೂ ಒಮ್ಮೆ ನೋಡಿ. 2024ರ ಜೂನ್ 28ರಿಂದ ನಮ್ಮ ಸರ್ಕಾರಿ ಬಾಂಡುಗಳು ಜೆ.ಪಿ. ಮಾರ್ಗನ್‌ನ ಉದಯೋನ್ಮುಖ ದೇಶಗಳ ಬಾಂಡ್ ಸೂಚ್ಯಂಕಕ್ಕೆ ಸೇರಿದವು. ನಮ್ಮ ಬಾಂಡಿನಿಂದ ಶೇ 7 ಬಡ್ಡಿ ಪಡೆಯುವವರು ರೂಪಾಯಿಯನ್ನು ಫಾರ್ವರ್ಡ್‌ನಲ್ಲಿ ಮಾರಿದರೆ ಪ್ರೀಮಿಯಂ ಅವರು ತೆರಬೇಕು. ಅದನ್ನು ಕಳೆದರೆ ಉಳಿಯುವುದು ಹೆಚ್ಚುಕಡಿಮೆ ಅವರ ಊರಿನ ಬಡ್ಡಿಯೇ. ಹಾಗಾಗಿ ಬಹಳ ಮಂದಿ ಹೆಡ್ಜ್ ಮಾಡದೆ ಇರುತ್ತಾರೆ, ರೂಪಾಯಿ ಅಲುಗಿದಾಗ ಅವಸರದಲ್ಲಿ ಹೆಡ್ಜ್‌ಗೆ ಓಡುತ್ತಾರೆ. ಮುಂಬೈಯಲ್ಲಿ ಬ್ಯಾಂಕಿನ ಮೂಲಕ ಮಾಡಬಹುದು, ಇಲ್ಲವೇ ಸಿಂಗಪುರ, ಲಂಡನ್ನಿನಲ್ಲಿ ರೂಪಾಯಿಯೇ ಕೈ ಬದಲಿಸದೆ ವ್ಯತ್ಯಾಸವನ್ನಷ್ಟೇ ಡಾಲರಿನಲ್ಲಿ ತೀರಿಸುವ ಎನ್‌ಡಿಎಫ್ ಕರಾರು ಇದೆ. 2013ರ ಆಗಸ್ಟ್‌ನಲ್ಲಿ ಡಾಲರ್ 68 ರೂಪಾಯಿ ದಾಟಿದ ದಿನಗಳಲ್ಲಿ ಬೆಳಿಗ್ಗೆ ನಮ್ಮ ಪೇಟೆ ತೆರೆಯುವ ಮೊದಲೇ ಸಿಂಗಪುರದ ಎನ್‌ಡಿಎಫ್ ದರ ನೋಡಿ ಡೀಲರುಗಳ ಮುಖ ಬಾಡುತ್ತಿದ್ದುದು ನನಗಿನ್ನೂ ನೆನಪಿದೆ.

ಕೊನೆಗೆ, ನೀವು ಮತ್ತು ನಿಮ್ಮ ಮಗಳು ಏನು ಮಾಡಬೇಕು. ಆ ಹಣ ಯಾವ ಕರೆನ್ಸಿಯಲ್ಲಿ ಖರ್ಚಾಗುತ್ತದೆ ಎಂದು ಮೊದಲು ಕೇಳಿಕೊಳ್ಳಿ. ಮೊಮ್ಮಗಳು ಅಮೆರಿಕಕ್ಕೆ ಓದಲು ಹೋಗುವ ಸಾಧ್ಯತೆ ಇದ್ದರೆ ನಿಮ್ಮ ಖರ್ಚು ಡಾಲರಿನಲ್ಲೇ. ಹೆಡ್ಜ್ ಇಲ್ಲದ ನಿಮ್ಮ ಫಂಡು ಆಗ ಸರಿಯಾಗಿಯೇ ಇದೆ, ಫೀಸು ದುಬಾರಿಯಾದರೆ ಫಂಡೂ ಅದರ ಜೊತೆ ಏರಿರುತ್ತದೆ. ಶಿವಮೊಗ್ಗದಲ್ಲೋ ಬೆಂಗಳೂರಿನಲ್ಲೋ ಓದುವುದಾದರೆ, ಫೀಸು ಕಟ್ಟುವ ಎರಡು ಮೂರು ವರ್ಷ ಮೊದಲಿನಿಂದ ಸ್ವಲ್ಪ ಸ್ವಲ್ಪವಾಗಿ ಹೊರತೆಗೆದು ಇಲ್ಲಿನ ಠೇವಣಿಗೆ ಹಾಕುತ್ತ ಬನ್ನಿ.

ಮಗಳಿಗೆ ಎರಡು ಮಾತು ಹೇಳಿ. ಫಂಡಿನ ವಿವರ ಪತ್ರದಲ್ಲಿ ಹೆಡ್ಜ್ ಆದ ವರ್ಗ ಮತ್ತು ಆಗದ ವರ್ಗದ ಐದು ವರ್ಷದ ಪ್ರತಿಫಲ ಅಕ್ಕಪಕ್ಕ ಇಟ್ಟು ನೋಡಲಿ, ಆರು ತಿಂಗಳದ್ದಲ್ಲ. ಇನ್ನು ಅವಳು ಮ್ಯೂನಿಕ್‌ನಲ್ಲೇ ನೆಲೆಸುವುದಾದರೆ ಯೂರೋ ಹೆಡ್ಜ್‌ಗೆ ಅರ್ಥವಿದೆ. ನಾಲ್ಕೈದು ವರ್ಷದಲ್ಲಿ ಊರಿಗೆ ಬಂದು ತೋಟದ ಪಕ್ಕ ಮನೆ ಕಟ್ಟುವ ಯೋಚನೆ ಇದ್ದರೆ, ಅವಳು ವರ್ಷಕ್ಕೆ ಶೇ 2 ತೆತ್ತು ಡಾಲರ್-ಯೂರೋ ಏರಿಳಿತಕ್ಕೆ ಬೇಲಿ ಹಾಕಿದ್ದಾಳೆ, ಯೂರೋ-ರೂಪಾಯಿ ಕಡೆಯ ಗೇಟು ತೆರೆದೇ ಇದೆ. ಮನೆಯ ಇಟ್ಟಿಗೆ, ಮರಳು, ಕೂಲಿ ಎಲ್ಲ ರೂಪಾಯಿಯಲ್ಲಿ. ಮುಂದಿನ ಸಲ ಅವಳು ಫೋನ್ ಮಾಡಿದಾಗ ಫಂಡಿನ ಹೆಸರು ಕೇಳುವ ಮೊದಲು ಊರಿಗೆ ಯಾವಾಗ ಬರುತ್ತೀಯಾ ಎಂದು ಕೇಳಿ, ಆ ಉತ್ತರ ಬರೆದು ಕಳಿಸಿದರೆ ಅವಳ ಲೆಕ್ಕವನ್ನೂ ನಾನು ಹೀಗೆಯೇ ಬಿಡಿಸಿ ಕೊಡುತ್ತೇನೆ.